ಮೀರ್ ಸುಲ್ತಾನ್ ಖಾನ್ ಬಿಟ್ಟುಹೋದ 65 ನಡೆಗಳು

ಪಂಜಾಬಿನ ಮಿಠ್ಠಾ ಟಿವಾನಾದ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಸರ್ ಉಮರ್ ಹಯಾತ್ ಖಾನ್ ಅವರೊಂದಿಗೆ ಲಂಡನ್ನಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚದುರಂಗ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಅವರು ಓದು ಬಾರದ ಒಬ್ಬ ಸೇವಕ ಎಂದೇ ಪಾಶ್ಚಾತ್ಯ ಲೇಖಕರು ಬಹುಕಾಲ ಬರೆದರು. ಕುಟುಂಬದವರು ಇದನ್ನು ಅಲ್ಲಗಳೆದಿದ್ದಾರೆ. ಯಾರ ಮಾತು ನಂಬಬೇಕು? ಇತಿಹಾಸದ ವಿದ್ಯಾರ್ಥಿ ಮೊದಲು ಮೂಲ ದಾಖಲೆಯನ್ನು ನೋಡಬೇಕು. ಸುಲ್ತಾನ್ ಖಾನರ ವಿಷಯದಲ್ಲಿ ಆ ದಾಖಲೆ ಎಂದರೆ ಅವರ ಆಟಗಳ ನಡೆಪಟ್ಟಿ.

1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕ ಅವರ ವಿರುದ್ಧ ಬಿಳಿಯ ಕಾಯಿಗಳಿಂದ ಆಡಿದ ಆಟವನ್ನೇ ತೆಗೆದುಕೊಳ್ಳಿ. ಪಟ ಹಾಸಿ, ಮುಂದಿನ ನಡೆಗಳನ್ನು ಕಾಗದದಿಂದ ಮುಚ್ಚಿ, ಪ್ರತಿ ನಡೆಗೂ ಮುನ್ನ ನಾನಾಗಿದ್ದರೆ ಏನು ಆಡುತ್ತಿದ್ದೆ ಎಂದು ಯೋಚಿಸಿ ನಂತರ ನೋಡಬೇಕು. ಗಣಕಯಂತ್ರದ ತೀರ್ಪು ಆಮೇಲೆ ಇರಲಿ. ಮೊದಲೇ ಕೇಳಿದರೆ ಯೋಚನೆಯೇ ನಿಂತುಹೋಗುತ್ತದೆ.

ಸುಲ್ತಾನ್ ಖಾನ್ ಈ ಆಟದಲ್ಲಿ ಕ್ಯಾಸ್ಲಿಂಗ್ ಮಾಡುವುದೇ ಇಲ್ಲ. ಅವರು ಕಲಿತ ದೇಶೀ ಆಟದಲ್ಲಿ ಇಂದಿನ ರೀತಿಯ ಕ್ಯಾಸ್ಲಿಂಗ್ ಇರಲಿಲ್ಲ ಎಂಬುದು ಇಲ್ಲಿ ನೆನಪಾಗುತ್ತದೆ. 21ನೇ ನಡೆಯಲ್ಲಿ ಕಾಪಾಬ್ಲಾಂಕರ ಆನೆ ಒಳನುಗ್ಗಿ ರಾಜನಿಗೆ ಶಹ ಕೊಡುತ್ತದೆ. ರಾಜ ಒಂದು ಮನೆ ಮುಂದೆ ಬರುತ್ತಾನೆ. ಎರಡನೇ ಆನೆಯೂ ಶಹ ಕೊಡುತ್ತದೆ. ಸುಲ್ತಾನ್ ಖಾನ್ ತಮ್ಮ ರಾಣಿಯನ್ನು ಬಿಟ್ಟುಕೊಟ್ಟು ಆ ಎರಡೂ ಆನೆಗಳನ್ನು ಪಡೆಯುತ್ತಾರೆ. ಹೊಸಬರಿಗೆ ಇದು ನಷ್ಟದ ವ್ಯಾಪಾರವಾಗಿ ಕಂಡೀತು. ಆದರೆ ನಡುವಿನ ಕಾಲಾಳುಗಳು ಒಂದಕ್ಕೊಂದು ಎದುರಾಗಿ ನಿಂತು ದಾರಿ ಮುಚ್ಚಿವೆ. ಕಪ್ಪು ರಾಣಿಗೆ ಹೊಡೆಯಲು ಏನೂ ಸಿಗುವುದಿಲ್ಲ. 35ನೇ ನಡೆಯಿಂದ ಅದು ಪಟದ ಅಂಚಿನ ಎರಡೇ ಮನೆಗಳ ನಡುವೆ ಹೋಗಿ ಬರುತ್ತಿರುತ್ತದೆ. ಇತ್ತ ಬಿಳಿಯ ರಾಜ ನಿಧಾನವಾಗಿ ನಡೆದು ಸುರಕ್ಷಿತ ಮೂಲೆ ಸೇರುತ್ತಾನೆ. ನನಗೆ ಇಡೀ ಆಟದಲ್ಲಿ ಇಷ್ಟವಾದ ಭಾಗ ಇದೇ, ನೋಡಲು ಏನೂ ನಡೆಯದಂತಿದ್ದರೂ. 65ನೇ ನಡೆಗೆ ಕಾಪಾಬ್ಲಾಂಕ ಸೋಲೊಪ್ಪಿದರು.

ಪಂದ್ಯಾವಳಿಯಲ್ಲಿ ಯೂವೆ ಮೊದಲಿಗರಾದರು, ಕಾಪಾಬ್ಲಾಂಕ ಎರಡನೆಯವರು, ಸುಲ್ತಾನ್ ಖಾನ್ ಮೂರನೆಯವರು. 1933ರ ಕೊನೆಗೆ ಅವರು ಊರಿಗೆ ಮರಳಿದರು, ಅಂತರರಾಷ್ಟ್ರೀಯ ಪಂದ್ಯಾವಳಿಗಳಿಗೆ ಮತ್ತೆ ಹೋಗಲಿಲ್ಲ. 1966ರಲ್ಲಿ ನಿಧನರಾದರು. ವಿಶ್ವ ಚದುರಂಗ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.