ದೇವರಾದ ನೋವು, ಸಾಕ್ಷಿಯಾದ ನೋವು

ತುಮಕೂರು ಜಿಲ್ಲೆಯ ಉತ್ತರಕ್ಕೆ ಸಿರಾ, ಕೊರಟಗೆರೆ, ಮಧುಗಿರಿ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳುಂಟು. ಮಳೆ ಕಡಿಮೆ, ಕಲ್ಲು ಹೆಚ್ಚು. ಬೆಟ್ಟದ ಮೇಲೆ ಕೋಟೆ, ಊರ ಹೊರಗೆ ವೀರಗಲ್ಲು, ಮಾಸ್ತಿಗಲ್ಲು. ಆ ಕಲ್ಲುಗಳಿಗೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದು ಹೋಗುವವರನ್ನು ನೀವೂ ಕಂಡಿರಬೇಕು. ಇವರು ಪುರಾಣದ ದೇವರುಗಳಲ್ಲ; ಒಂದು ಕಾಲಕ್ಕೆ ನಮ್ಮಂತೆಯೇ ಉಂಡು ಉಟ್ಟು ಬಾಳಿದವರು. ಅನ್ಯಾಯದ ಸಾವು ಸತ್ತವರು ಸುಮ್ಮನೆ ಹೋಗುವುದಿಲ್ಲ, ದೈವವಾಗಿ ಊರಿನಲ್ಲೇ ನಿಲ್ಲುತ್ತಾರೆ ಎಂಬುದು ನಮ್ಮ ನಾಡಿನ ಬಹು ಹಳೆಯ ನಂಬಿಕೆ.

ಕಾಡುಗೊಲ್ಲರ ಜುಂಜಪ್ಪನನ್ನೇ ನೋಡಿ. ದನಕರು ಕಾಯ್ದುಕೊಂಡಿದ್ದ ಈ ವೀರ, ನಂಟರ ದ್ವೇಷಕ್ಕೆ ಸಿಕ್ಕಿ ವಿಷವುಂಡು ಸತ್ತನೆಂದು ಕಥೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಗಣೆಯೆಂಬ ಉದ್ದನೆಯ ಕೊಳಲನ್ನು ಊದುತ್ತ ಗೊಲ್ಲರು ಅವನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿಗೂ ಆ ಹೆಸರು ಬಂದದ್ದು, ನೀಳಗೂದಲಿನ ಹೆಣ್ಣೊಬ್ಬಳು ಅಲ್ಲಿ ಚಿತೆಯೇರಿದಳೆಂಬ ಪ್ರತೀತಿಯಿಂದ. ಇತಿಹಾಸದ ಗ್ರಂಥಗಳು ಗೆದ್ದವನ ಹೆಸರು ಬರೆದುಕೊಂಡರೆ, ನಂಬಿಕೆ ಸೋತವನ ಹೆಸರನ್ನು ಉಳಿಸಿಕೊಂಡಿತು. ಇದೇನು ಸಣ್ಣ ಉಪಕಾರವಲ್ಲ.

ಆದರೆ ನಂಬಿಕೆಯ ಕೈಗೆ ಎಟುಕದ ನೋವೂ ಉಂಟು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಹಿಡಿದಾಗ ಸೆರೆ ಬಿಟ್ಟಿತು. ಪುಣೆಗೆ ಹೋಗುವ ದಾರಿಯಲ್ಲೇ ರಾಣಿ ತೀರಿಕೊಂಡಳೆಂದು ಇತಿಹಾಸಕಾರರು ಬರೆದಿದ್ದಾರೆ. ಸಿರಾ ಪಟ್ಟಣದಿಂದ ಹನ್ನೆರಡು ಸಾವಿರ ಮನೆತನಗಳನ್ನು ಟಿಪ್ಪು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಯಾರ ಮನೆಯ ಒಲೆ ಎಂದು ಆರಿತು, ದಾರಿಯಲ್ಲಿ ಯಾವ ಕೂಸು ಅತ್ತಿತು? ರಾಣಿ ನಾಲ್ಕು ವರ್ಷ ಆ ಬಂಡೆಯ ಮೇಲೆ ಏನೆಂದುಕೊಂಡಳು? ಅವರ ಬಾಯಿಂದ ಬಂದ ಮಾತಾಗಿ ಅದು ನಮ್ಮ ಇತಿಹಾಸಕ್ಕೆ ಸೇರಲಿಲ್ಲ. ಉಳಿದದ್ದು ಬರಿಯ ಲೆಕ್ಕ.

ಇನ್ನು ದೂರದ ಮತ್ತೊಂದು ಬೆಟ್ಟದ ಕೋಟೆಗೆ ನಿಮ್ಮನ್ನು ಕರೆದೊಯ್ಯಬೇಕು. ಹಳೆಯ ನಂಬಿಕೆಗೆ ಅಲ್ಲಿ ಬೇರೆಯೇ ಗತಿಯಾಯಿತು. ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ ವೇವೆಲ್ಸ್‌ಬುರ್ಗ್ ಎಂಬ ಕೋಟೆಯಿದೆ. ಹಿಟ್ಲರನ ಎಸ್.ಎಸ್. ಪಡೆಯ ಮುಖಂಡ ಹಿಮ್ಲರ್ 1934ರಲ್ಲಿ ಅದನ್ನು ಗುತ್ತಿಗೆಗೆ ಹಿಡಿದನು. ಕ್ರೈಸ್ತಧರ್ಮಕ್ಕಿಂತ ಮುಂಚಿನ ಜರ್ಮನರ ದೇವರು, ಚಿಹ್ನೆ, ಆಚಾರಗಳೆಂದರೆ ಅವನಿಗೆ ಬಹು ಮೋಹ; ಅವುಗಳ ಸಂಶೋಧನೆಗೆಂದು 1935ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದನು. ಕೋಟೆಯನ್ನು ತನ್ನ ಪಡೆಯ ಪುಣ್ಯಕ್ಷೇತ್ರವಾಗಿಸಲು ಪಕ್ಕದಲ್ಲೇ ನೀಡರ್‌ಹಾಗನ್ ಎಂಬ ಯಾತನಾ ಶಿಬಿರ ಎದ್ದಿತು. ಅಲ್ಲಿಗೆ ತಂದ ಸುಮಾರು 3,900 ಸೆರೆಯಾಳುಗಳಲ್ಲಿ ಕಡಿಮೆಯೆಂದರೆ 1,285 ಮಂದಿ ಸತ್ತರು. ನಮ್ಮಲ್ಲಿ ಸತ್ತವನ ಪರವಾಗಿ ನಿಂತ ಹಳೆಯ ನಂಬಿಕೆ, ಅಲ್ಲಿ ಕೊಲ್ಲುವವನ ಕೈಯ ಅಲಂಕಾರವಾಯಿತು. ಪ್ರಾಚೀನವೆಂದ ಮಾತ್ರಕ್ಕೆ ಯಾವುದೂ ಪವಿತ್ರವಾಗುವುದಿಲ್ಲ. ಅದು ಯಾರ ಪಕ್ಷದಲ್ಲಿ ನಿಂತಿದೆ ಎಂದು ಕೇಳಬೇಕು.

ಅರವತ್ತು ಲಕ್ಷ ಯೆಹೂದ್ಯರನ್ನು ನುಂಗಿದ ಆ ಮಹಾಪಾತಕವನ್ನು ನಮ್ಮ ಪಾಳೆಯಪಟ್ಟುಗಳ ಕಾಲದ ಸೆರೆಯೊಡನೆ ಸರಿದೂಗಿಸುವುದು ಸಲ್ಲದು. ಆದರೆ ಒಂದು ಸಂಗತಿಯನ್ನು ಅಲ್ಲಿಂದ ಕಲಿಯಬಹುದು. ಅಲ್ಲಿ ಬದುಕಿ ಬಂದವರು ದೈವವಾಗಲು ಒಪ್ಪಲಿಲ್ಲ; ಸಾಕ್ಷಿಯಾದರು. 1946ರಲ್ಲಿ ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಿಂದ, ತಂತಿಯ ಮೇಲೆ ಧ್ವನಿಯನ್ನು ಹಿಡಿಯುವ ಯಂತ್ರವೊಂದನ್ನು ಹೊತ್ತು ಯುರೋಪಿಗೆ ಹೋದರು. ನಿರಾಶ್ರಿತರ ನೆಲೆಗಳಲ್ಲಿ ಕುಳಿತು ಸುಮಾರು 130 ಜನರ ಮಾತನ್ನು ಅವರವರ ಭಾಷೆಯಲ್ಲೇ ಹಿಡಿದಿಟ್ಟರು. ಕಂಠ ಗದ್ಗದವಾದದ್ದು, ಮಾತು ತಡೆದು ನಿಂತದ್ದು ಎಲ್ಲವೂ ಆ ತಂತಿಯಲ್ಲಿ ಉಳಿದಿದೆ. ರೇಡಿಯೋ ಕೇಳುವ ಮನೆಯವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕೆ?

ಆಷ್‌ವಿಟ್ಸ್ ಶಿಬಿರದಿಂದ ಬದುಕಿ ಬಂದ ಇಟಲಿಯ ಪ್ರೀಮೋ ಲೇವಿ 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಕನಸನ್ನು ಹೇಳಿದ್ದಾರೆ. ಮನೆಗೆ ಮರಳಿ ನಡೆದದ್ದನ್ನೆಲ್ಲ ಹೇಳುತ್ತಿದ್ದಾರೆ; ಮನೆಯವರು ಕಿವಿಗೊಡುತ್ತಿಲ್ಲ, ಒಡಹುಟ್ಟಿದವಳೇ ಎದ್ದು ಹೋಗುತ್ತಾಳೆ. ವಿಚಾರಿಸಿದರೆ ಜೊತೆಯ ಸೆರೆಯಾಳುಗಳಿಗೂ ಅಂಥದೇ ಕನಸು! ಹಸಿವು ಹೊಡೆತಗಳ ನಡುವೆಯೂ ಅವರನ್ನು ಕಾಡಿದ ಭಯ, ಕೇಳುವವರಿಲ್ಲದೆ ಹೋದರೆ ಎಂಬುದು.

ದೈವಕ್ಕೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಿದರೆ ಊರಿನ ಋಣ ತೀರುತ್ತದೆ. ಸಾಕ್ಷಿಯ ಋಣ ಅಷ್ಟು ಸುಲಭವಾಗಿ ತೀರದು. ಅವನು ಹೆಸರು ಹೇಳುತ್ತಾನೆ, ದಿನ ಹೇಳುತ್ತಾನೆ, ಮಾಡಿದವನನ್ನು ತೋರಿಸುತ್ತಾನೆ; ಕೇಳಿದವನಿಗೂ ಒಂದು ಹೊಣೆ ಅಂಟುತ್ತದೆ. ನೋವುಂಡವಳನ್ನು ದೇವಿಯೆಂದು ಪೂಜಿಸುವುದು ದೊಡ್ಡದೇ. ಅವಳು ಬದುಕಿರುವಾಗ ಅವಳ ಮಾತನ್ನು ಕೇಳುವುದು ಇನ್ನೂ ದೊಡ್ಡದು. ಬರಗಾಲವನ್ನು, ಗುಳೆಯನ್ನು, ಜೀತವನ್ನು ಉಂಡು ಬಂದ ಹಿರಿಯರು ನಿಮ್ಮ ಬೀದಿಯಲ್ಲೇ ಇದ್ದಾರು. ಅವರು ಬಾಯಿ ತೆರೆದಾಗ ನಾವು ಎದ್ದು ಹೋಗದಿದ್ದರೆ, ನಮ್ಮ ಸೀಮೆಯ ಇತಿಹಾಸಕ್ಕೆ ಕಲ್ಲಿನ ಜೊತೆಗೆ ಮಾತೂ ದಕ್ಕೀತು.