ನಿಸ್ತಂತು ಸಾಧನಗಳ ವಿಕಿರಣ ಮತ್ತು ಪುರುಷ ಫಲವತ್ತತೆ

ಮೊಬೈಲ್ ಫೋನ್, ವೈ-ಫೈ ಮುಂತಾದ ನಿಸ್ತಂತು ಸಾಧನಗಳ ರೇಡಿಯೊ ತರಂಗಗಳು ಪುರುಷರ ಫಲವತ್ತತೆಯನ್ನು ಕುಗ್ಗಿಸುತ್ತವೆಯೇ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ. 2008ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಶೋಕ್ ಅಗರ್‌ವಾಲ್ ತಂಡವು ಪರೀಕ್ಷಿಸಿದ 361 ಪುರುಷರಲ್ಲಿ, ಫೋನ್ ಬಳಕೆಯ ಅವಧಿ ಹೆಚ್ಚಿದಷ್ಟೂ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಕಡಿಮೆಯಿದ್ದವು. ಆದರೆ ಅವರೆಲ್ಲರೂ ಬಂಜೆತನದ ತಪಾಸಣೆಗೆ ಬಂದವರು. 2023ರಲ್ಲಿ ಪ್ರಕಟವಾದ, 2,886 ಸ್ವಿಸ್ ಯುವಕರ ಅಧ್ಯಯನದಲ್ಲಿ ದಿನಕ್ಕೆ 20ಕ್ಕಿಂತ ಹೆಚ್ಚು ಬಾರಿ ಫೋನ್ ಬಳಸುವವರ ವೀರ್ಯಾಣು ಸಾಂದ್ರತೆ ಕಡಿಮೆಯಿತ್ತು. ಫೋನನ್ನು ಪ್ಯಾಂಟಿನ ಜೇಬಿನಲ್ಲಿಡುವುದಕ್ಕೂ ಇದಕ್ಕೂ ನಂಟು ಕಾಣಲಿಲ್ಲ.

ಭಾರತವು 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೋಪುರಗಳಿಗೂ ಇದೇ ನಿಯಮ ಅನ್ವಯವಾಯಿತು. ಜನರ ಆತಂಕ ಹೆಚ್ಚಾಗಿ ಗೋಪುರದ ಬಗ್ಗೆಯೇ ಇದ್ದರೂ, ದೇಹಕ್ಕೆ ಹೆಚ್ಚು ವಿಕಿರಣ ತಾಗುವುದು ಸಾಮಾನ್ಯವಾಗಿ ಮೈಗೆ ಹತ್ತಿರವಿರುವ ಫೋನಿನಿಂದ.