ಇಡ್ಡಲಿಗೆಯಿಂದ ‘ಜೈನ್ ಊಟ’ದವರೆಗೆ

ಕನ್ನಡದ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ ಜೈನಕಥೆಗಳ ಸಂಗ್ರಹ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಈ ಕೃತಿಯಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ದೊರೆಯುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವನ್ನೇ ತಿಳಿಸಿದನು: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸಬೇಕು. (ಈತನು ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಲ್ಲ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಶೈವ ಬ್ರಾಹ್ಮಣ.) ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದು ‘ಇಡ್ಡರಿಕಾ’ ಆಯಿತು. ಅಕ್ಕಿ ಅದಕ್ಕೆ ಸೇರಿದ್ದು ಆಮೇಲೆ. ಜೈನರು, ಶೈವರು, ಅರಸರು ಎಲ್ಲರೂ ಬಲ್ಲ ಈ ತಿನಿಸಿಗೆ ಕುಲವಾಗಲಿ ದೇಶವಾಗಲಿ ಅಂಟಿರಲಿಲ್ಲ.

ತಿನಿಸಿಗೆ ಇಂತಹ ಹೆಸರು ಅಂಟುವುದು ಅದು ಮನೆ ಬಿಟ್ಟು ಹೊರಟಾಗ. ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯ ಅಡಿಗೆಯವರು ಮದರಾಸಿಗೆ ಹೋದರು. ಅಲ್ಲಿ ಇಡ್ಲಿ ದೋಸೆ ‘ಉಡುಪಿ’ಯದಾಯಿತು. ಮುಂಬಯಿಯಲ್ಲಿ ಅದೇ ಇಡ್ಲಿ ‘ಮದ್ರಾಸಿ’. ಕಡಲಾಚೆ ಹೋದರೆ ಬರಿಯ ‘ಇಂಡಿಯನ್’. ದೂರ ಹೆಚ್ಚಿದಷ್ಟೂ ಹೆಸರು ಹಿಗ್ಗುತ್ತದೆ, ಊರು ಮರೆಯಾಗುತ್ತದೆ.

ಬೆಂಗಳೂರಿನ ಹೊರವಲಯಕ್ಕೆ ಈ ದೂರವೇ ನಡೆದುಬಂದಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಪೀಣ್ಯದಲ್ಲಿ ಕಾರ್ಖಾನೆಗಳು, ತರುವಾಯ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕಚೇರಿಗಳು ಬೆಳೆದವು. ನಾನಾ ಪ್ರಾಂತಗಳ ನೌಕರರಿಗೆ ಒಂದೇ ಸೂರಿನಡಿ ಉಣಬಡಿಸಬೇಕಾದಾಗ ಫಲಕಗಳು ಬಂದವು: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಜೈನ್. ಎರಡು ದಿಕ್ಕುಗಳು, ಒಂದು ದೇಶ, ಒಂದು ಧರ್ಮ! ತಾನು ಬೆಳೆದ ನಾಡಿನಲ್ಲಿಯೇ ಇಡ್ಲಿಗೆ ದಿಕ್ಕಿನ ಗುರುತು ಬೇಕಾಯಿತು.

ನಾಲ್ಕನೆಯ ಫಲಕದ ವಿಚಾರವನ್ನು ಶ್ರಾವಕರು ಕೊಂಚ ನಿಧಾನವಾಗಿ ನೋಡಬೇಕು. ಅಲ್ಲಿ ‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಅಡಿಗೆ ಎಂದಷ್ಟೇ ಅರ್ಥ. ಸೂರ್ಯಾಸ್ತಕ್ಕೆ ಮೊದಲಿನ ಊಟ, ಸೋಸಿದ ನೀರು, ಆಹಾರದ ಕಾಲಮರ್ಯಾದೆ, ಇವುಗಳಾವುವೂ ಫಲಕದಲ್ಲಿ ಹಿಡಿಯುವುದಿಲ್ಲ. ರಾತ್ರಿ ಹತ್ತು ಗಂಟೆಗೂ ‘ಜೈನ್ ಊಟ’ ದೊರೆಯುತ್ತದೆ! ವ್ರತವು ಉಣ್ಣುವವನದು, ಫಲಕವು ಅದನ್ನು ಪಲ್ಯದ ಗುಣವನ್ನಾಗಿ ಮಾಡಿಬಿಟ್ಟಿತು.

ಇನ್ನೊಂದು ನಷ್ಟವೂ ಇದೆ. ಈ ಹೆಸರಿನಲ್ಲಿ ಬಡಿಸುವುದು ಹೆಚ್ಚಾಗಿ ಗುಜರಾತ್, ರಾಜಸ್ಥಾನಗಳ ಅಡಿಗೆ. ಅದು ಬಂಧುಗಳ ಅಡಿಗೆ, ಒಳ್ಳೆಯದೇ. ಆದರೆ ಹಾಸನ, ತುಮಕೂರು ಸೀಮೆಯ ಶ್ರಾವಕರ ಮುದ್ದೆ, ಅವರೆಕಾಳಿನ ಸಾರು ‘ಜೈನ್’ ಎನಿಸಿಕೊಳ್ಳುವುದೇ ಇಲ್ಲ. ಕನ್ನಡದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು 1508ರ ಸುಮಾರಿಗೆ ಬರೆದವನು ಜೈನಕವಿ ಮೂರನೆಯ ಮಂಗರಸ. ಅದರಲ್ಲಿ ಬದನೆಕಾಯಿಯ ಅಡಿಗೆಗಳು ವಿಸ್ತಾರವಾಗಿ ಬಂದಿವೆ. ಬಹುಬೀಜವೆಂದು ಬದನೆಯನ್ನು ಬಿಡುವ ಮನೆಗಳು ಇಂದು ಅನೇಕ. ಆ ಗ್ರಂಥವನ್ನು ನೋಡಿ ಅಡಿಗೆ ಮಾಡಿದರೆ, ವೈಟ್‌ಫೀಲ್ಡಿನ ಊಟದ ಮನೆಯು ಮಂಗರಸನ ಬದನೆಯನ್ನು ಯಾವ ಫಲಕದ ಕೆಳಗೆ ಇಟ್ಟೀತು?